ಜನಗಣತಿಯಲ್ಲಿ ಅಜ್ಜನ ಹೆಸರಿಲ್ಲ, ಪಿ.ಎಫ್. ಫಾರಂನಲ್ಲಿ ಊರಿತ್ತು

ಮೊದಲೇ ಹೇಳಿಬಿಡುತ್ತೇನೆ. ಅಜ್ಜ ಅಜ್ಜಿಯ ಮೂಲ ಊರು ಹುಡುಕಬೇಕು ಅಂತ ಹೊರಟಿದ್ದರೆ ಜನಗಣತಿಯಿಂದ ಶುರು ಮಾಡಬೇಡಿ. ಅಮೆರಿಕದವರು, ಇಂಗ್ಲೆಂಡಿನವರು ಮುತ್ತಜ್ಜನ ಹೆಸರು, ವಯಸ್ಸು, ಕಸುಬು, ಅಷ್ಟೇ ಯಾಕೆ ಪಕ್ಕದ ಮನೆಯಲ್ಲಿ ಯಾರಿದ್ದರು ಅನ್ನುವುದನ್ನೂ ಹಳೆಯ ಗಣತಿ ಹಾಳೆಯಲ್ಲಿ ಕೂತಲ್ಲೇ ಓದುತ್ತಾರೆ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಆ ಹಾಳೆಗಳನ್ನು ಎಲ್ಲರಿಗೂ ತೆರೆಯುತ್ತಾರೆ, 1950ರದ್ದು 2022ರಲ್ಲಿ ತೆರೆಯಿತು. ಇಂಗ್ಲೆಂಡಿನಲ್ಲಿ 100 ವರ್ಷ ಕಾಯುತ್ತಾರೆ, 1921ರದ್ದು ಅದೇ 2022ರಲ್ಲಿ ಬಂತು. ನಮ್ಮಲ್ಲಿ ಹಾಗಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿದಾರರು ಬರೆದುಕೊಂಡ ವಿವರವನ್ನು ಬೇರೆ ಯಾರೂ ನೋಡುವ ಹಾಗಿಲ್ಲ. ಇಷ್ಟು ವರ್ಷ ಆದ ಮೇಲೆ ತೆರೆಯುತ್ತೇವೆ ಅನ್ನುವ ಮಾತೂ ಅದರಲ್ಲಿಲ್ಲ. ಅದಕ್ಕೂ ಹಿಂದೆ, ಬ್ರಿಟಿಷರ ಕಾಲದಲ್ಲಿ, ಮನೆಮನೆಯಲ್ಲಿ ಬರೆದುಕೊಂಡದ್ದನ್ನು ಚೀಟಿಗೆ ಇಳಿಸಿ, ಚೀಟಿ ಎಣಿಸಿ, ಕೋಷ್ಟಕ ಮಾಡಿದ ಮೇಲೆ ಚೀಟಿಗಳನ್ನು ಉಳಿಸಿಕೊಳ್ಳಲಿಲ್ಲ. ಹಾಗಾಗಿ 1931ರ ಗಣತಿಯಲ್ಲಿ ನಿಮ್ಮ ಮುತ್ತಜ್ಜನನ್ನು ಎಣಿಸಿದ್ದಾರೆ, ಆದರೆ ಅವರ ಹೆಸರು ಎಲ್ಲೂ ಸಿಗುವುದಿಲ್ಲ.

ನಾನು ಹುಡುಕಿದ್ದು ಅಮ್ಮನ ಅಪ್ಪನ ಊರನ್ನು. ಅಜ್ಜ ದಾವಣಗೆರೆಯ ಒಂದು ಕಾಟನ್ ಮಿಲ್ಲಿನಲ್ಲಿ ದುಡಿದವರು. 1930ರ ದಶಕದಿಂದ ದಾವಣಗೆರೆಯಲ್ಲಿ ಒಂದಾದ ಮೇಲೊಂದು ಮಿಲ್ಲು ಬಂದವು, ಸುತ್ತಲ ಹಳ್ಳಿಗಳ ಜನ ಬಂದು ಸೇರಿಕೊಂಡರು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರೂ ಬಂತು. ಹಾಗೆ ಬಂದವರಲ್ಲಿ ಅಜ್ಜನೂ ಒಬ್ಬರು. ಊರು ಯಾವುದು ಅಂತ ಕೇಳಿದರೆ "ರಾಣೆಬೆನ್ನೂರು ಕಡೆ" ಅನ್ನುತ್ತಿದ್ದರು, ಅಷ್ಟೇ. ಅಮ್ಮನೂ ದೊಡ್ಡಮ್ಮನೂ ಚಿಕ್ಕಮ್ಮನೂ ಹೇಳುವುದು ಅದನ್ನೇ. ರಾಣೆಬೆನ್ನೂರು ಕಡೆ ಅಂದರೆ ಯಾವ ಹಳ್ಳಿ? ಅಲ್ಲಿ ಯಾರಿದ್ದರು? ಅದು ಯಾರಿಗೂ ಗೊತ್ತಿಲ್ಲ. ಅಜ್ಜ ಮಕ್ಕಳನ್ನು ಒಮ್ಮೆಯೂ ಅಲ್ಲಿಗೆ ಕರೆದುಕೊಂಡು ಹೋಗಿರಲಿಲ್ಲ. ಆದರೆ ಅವರ ಮನೆದೇವರು ಉಚ್ಚಂಗಿದುರ್ಗದ ಉಚ್ಚಂಗೆಮ್ಮ. ಅದು ರಾಣೆಬೆನ್ನೂರಿನ ಕಡೆಯಲ್ಲ, ಹರಪನಹಳ್ಳಿ ತಾಲ್ಲೂಕು. ರಾಣೆಬೆನ್ನೂರು ಕಡೆಯವರಾದರೆ ದೇವರಗುಡ್ಡದ ಮಾಲತೇಶನಿಗೆ ನಡೆದುಕೊಳ್ಳಬೇಕಿತ್ತಲ್ಲ ಅಂತ ನನಗೆ ಚಿಕ್ಕಂದಿನಿಂದ ಅನ್ನಿಸುತ್ತಿತ್ತು. ಉಚ್ಚಂಗೆಮ್ಮನ ಒಕ್ಕಲು ಆ ಸೀಮೆಯಲ್ಲೆಲ್ಲ ಇದ್ದಾರೆ, ಅದೊಂದರಿಂದಲೇ ಊರು ತೀರ್ಮಾನ ಆಗುವುದಿಲ್ಲ, ಸರಿ. ಆದರೂ ಮನೆದೇವರ ವಿಷಯವನ್ನು ಸುಮ್ನೆ ಬಿಡಬಾರದು. ಜನ ಊರು ಬಿಡುತ್ತಾರೆ, ಜಮೀನು ಮಾರುತ್ತಾರೆ, ಮನೆದೇವರನ್ನು ಬದಲಾಯಿಸುವುದು ತೀರಾ ಕಡಿಮೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಮಧ್ಯ ಕರ್ನಾಟಕದ ಕುಟುಂಬಗಳ ಹುಡುಕಾಟ ಕಷ್ಟ ಆಗುವುದೇ ಇದರಿಂದ. ಅಜ್ಜ ಹುಟ್ಟಿದ ಕಾಲದಲ್ಲಿ ದಾವಣಗೆರೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು, ಅದು ಬಾಂಬೆ ಪ್ರೆಸಿಡೆನ್ಸಿಯ ಧಾರವಾಡ ಜಿಲ್ಲೆ. ಹೊಳೆ ದಾಟದೆ ಉತ್ತರಕ್ಕೆ ಹೋದರೆ ಹರಪನಹಳ್ಳಿ, ಅದು ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆ. ಬೆಳಿಗ್ಗೆ ಗಾಡಿ ಕಟ್ಟಿದರೆ ಕತ್ತಲಾಗುವುದರೊಳಗೆ ಬೇರೆ ಸರ್ಕಾರದ ನೆಲದಲ್ಲಿ ಇರಬಹುದಿತ್ತು. ಜನ ಮಾತ್ರ ಹೆಣ್ಣು ಕೊಟ್ಟು ತಂದು, ಸಂತೆ ಮಾಡಿಕೊಂಡು, ಜಾತ್ರೆಗೆ ಹೋಗಿ ಬಂದು ಮಾಡುತ್ತಿದ್ದರು, ಅವರಿಗೆ ಆ ಗಡಿ ಲೆಕ್ಕಕ್ಕೇ ಇರಲಿಲ್ಲ. ಕಾಗದಗಳಿಗೆ ಮಾತ್ರ ಇತ್ತು. ಮೈಸೂರು ಕಡೆ ಶ್ಯಾನುಭೋಗರು ಪಹಣಿ ಬರೆದರು. ಧಾರವಾಡ ಕಡೆ ಕುಲಕರ್ಣಿಯವರು ಬರೆದರು, ಅಲ್ಲಿ ಅದಕ್ಕೆ ಈಗಲೂ ಉತಾರ ಅನ್ನುತ್ತಾರೆ. ಬಳ್ಳಾರಿ ಕಡೆ ಕರಣಂ ಬರೆದರು, ಅಲ್ಲಿ ಪಟ್ಟಾ, ಅಡಂಗಲ್ ಅನ್ನುವ ಲೆಕ್ಕ, ವರ್ಷ ಹಾಕುವುದು ಫಸಲಿಯಲ್ಲಿ, ಅಂದರೆ ಕಂದಾಯದ ವರ್ಷದ ಲೆಕ್ಕದಲ್ಲಿ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ, ವರ್ಷ ಶುರುವಾಗುವುದು ಜುಲೈ 1ಕ್ಕೆ. ಇದು ಗೊತ್ತಿಲ್ಲದೆ ಹೋದರೆ 1345 ಅನ್ನುವ ವರ್ಷ ನೋಡಿ ಯಾವ ಕಾಲದ್ದಪ್ಪಾ ಇದು ಅಂತ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ದಾರಿ ತೋರಿಸಿದ್ದು ಅಜ್ಜನ ಟ್ರಂಕು. ಅಜ್ಜಿ ಹೋದ ಮೇಲೆ ಅದು ದೊಡ್ಡಮ್ಮನ ಮನೆ ಅಟ್ಟದ ಮೇಲಿತ್ತು. ಮಿಲ್ಲಿನ ಗೇಟ್ ಪಾಸು, ಚೀಟಿ ಕಟ್ಟಿದ ಲೆಕ್ಕದ ಪುಸ್ತಕ, ಒಂದಷ್ಟು ಮದುವೆ ಪತ್ರಿಕೆ, ಅವುಗಳ ಅಡಿಯಲ್ಲಿ ಮಡಿಸಿಟ್ಟ ಪಿ.ಎಫ್. ನಾಮಿನೇಶನ್ ಫಾರಂನ ನಕಲು. ಪ್ರಾವಿಡೆಂಟ್ ಫಂಡ್ ಕಾಯ್ದೆ 1952ರಲ್ಲಿ ಬಂದಾಗ ಮೊದಲು ಅನ್ವಯವಾದದ್ದು ಆರು ಉದ್ಯಮಗಳಿಗೆ, ಬಟ್ಟೆ ಗಿರಣಿಗಳು ಅದರಲ್ಲಿ ಒಂದು. ಹಾಗಾಗಿ ಮಿಲ್ಲಿನ ಕೆಲಸಗಾರರ ಮನೆಗಳಲ್ಲಿ ಈ ಕಾಗದ ಇರುವ ಸಾಧ್ಯತೆ ಜಾಸ್ತಿ. ಅದರಲ್ಲಿ ತಂದೆಯ ಹೆಸರು ಇತ್ತು. ಕಾಯಂ ವಿಳಾಸ ಅಂತ ಒಂದು ಜಾಗ ಇತ್ತು. ಅಲ್ಲಿ ಒಂದು ಹಳ್ಳಿಯ ಹೆಸರು, ಅದರ ಮುಂದೆ ಹರಪನಹಳ್ಳಿ ತಾಲ್ಲೂಕು, ಬಳ್ಳಾರಿ ಜಿಲ್ಲೆ ಅಂತ ಬರೆದಿತ್ತು. ಬರೆದದ್ದು ಮಿಲ್ಲಿನ ಗುಮಾಸ್ತರು, ಕೆಳಗೆ ಅಜ್ಜನ ಸಹಿ. ದೊಡ್ಡಮ್ಮನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು, ಆಮೇಲೆ "ನಮಗೆ ಯಾಕೆ ಹೇಳಲಿಲ್ಲ ಅಪ್ಪ?" ಅಂತ ಒಂದೇ ಮಾತು ಕೇಳಿದರು. ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಮ್ಮ ದಾಯಾದಿಗಳು ಈಗಲೂ ಇದ್ದಾರೆ, ಅವರ ಜಮೀನಿನ ವಿಷಯ ಮುಂದೆ ಬರುತ್ತದೆ.

ಆ ಹೆಸರಿನ ಹಳ್ಳಿ ಒಂದೇ ಇದ್ದಿದ್ದರೆ ಸುಲಭ ಇತ್ತು. ನಮ್ಮ ಕಡೆ ಹಿರೇ, ಚಿಕ್ಕ, ಹಳೇ, ಹೊಸ ಅಂತ ಒಂದೇ ಹೆಸರಿನ ಊರುಗಳು ಅಕ್ಕಪಕ್ಕದಲ್ಲೇ ಇರುತ್ತವೆ, ಬರೆಯುವವರು ಮುಂದಿನ ಪದ ಬಿಟ್ಟುಬಿಟ್ಟಿರುತ್ತಾರೆ. ಜನಗಣತಿ ನನಗೆ ಉಪಯೋಗಕ್ಕೆ ಬಂದದ್ದು ಇಲ್ಲಿ. 1951ರಿಂದ ಜಿಲ್ಲಾ ಜನಗಣತಿ ಕೈಪಿಡಿಗಳು ಬಂದಿವೆ, ಅದರಲ್ಲಿ ತಾಲ್ಲೂಕಿನ ಒಂದೊಂದು ಹಳ್ಳಿಯ ಹೆಸರು, ಜನಸಂಖ್ಯೆ ಕೊಟ್ಟಿರುತ್ತಾರೆ. ಜನಗಣತಿ ಇಲಾಖೆಯ ಜಾಲತಾಣದಲ್ಲಿ ಹಳೆಯ ವರದಿಗಳ ಸ್ಕ್ಯಾನ್ ಪ್ರತಿಗಳು ಸಿಗುತ್ತವೆ. ಒಂದು ಎಚ್ಚರಿಕೆ, 1951ರ ಗಣತಿ ನಡೆದಾಗ ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು, ಆದ್ದರಿಂದ ಆ ವರ್ಷದ್ದನ್ನು ಮೈಸೂರಿನ ಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಎರಡು ಊರುಗಳಲ್ಲಿ ಯಾವುದು ಅಂತ ತೀರ್ಮಾನಿಸಲು ಹಳ್ಳಿ ಪಟ್ಟಿ ಸಹಾಯ ಮಾಡಿತು, ಒಂದು ಊರು ಆಗಲೇ ಖಾಲಿಯಾಗಿ ಬೇಚರಾಕ್ ಆಗಿತ್ತು. ಹೆಸರು ಸಿಗದಿದ್ದರೂ ಗಣತಿಯ ಪುಸ್ತಕಗಳನ್ನು ತಳ್ಳಿಹಾಕಬೇಡಿ, ಊರು ಇತ್ತೋ ಇಲ್ಲವೋ, ಎಷ್ಟು ದೊಡ್ಡದಿತ್ತು, ಯಾವ ತಾಲ್ಲೂಕಿನಲ್ಲಿತ್ತು ಅನ್ನುವುದಕ್ಕೆ ಅವು ಬೇಕು.

ಹಳ್ಳಿಗೆ ಅಮ್ಮನನ್ನೂ ಕರೆದುಕೊಂಡು ಹೋದೆ. ಇಂಥ ಹುಡುಕಾಟದ ಬಗ್ಗೆ ಬರೆಯುವವರು ಯಾರೂ ಹೇಳದ ಒಂದು ವಿಷಯ ಇದೆ. ನೀವು ಹೋಗಿ "ನಮ್ಮ ಅಜ್ಜ ಈ ಊರಿನವರು, ಹಳೆಯ ದಾಖಲೆ ನೋಡಬೇಕಿತ್ತು" ಅಂದ ಕೂಡಲೇ ಅಲ್ಲಿಯವರಿಗೆ ಬರುವ ಮೊದಲ ಯೋಚನೆ, ಇವರು ಪಾಲು ಕೇಳಲು ಬಂದಿದ್ದಾರೆ ಅಂತ. ಅದನ್ನು ತಪ್ಪು ಅನ್ನಲಾರೆ. ಎಷ್ಟೋ ಮನೆಗಳಲ್ಲಿ ಹಾಗೆ ಬಂದವರು ಇದ್ದಾರೆ, ಕೋರ್ಟು ಅಲೆದವರೂ ಇದ್ದಾರೆ. ನಮ್ಮನ್ನು ಕೂರಿಸಿ ನೀರು ಕೊಟ್ಟರು, ಮಂಡಕ್ಕಿ ಮೆಣಸಿನಕಾಯಿ ಕೊಟ್ಟರು, ಆದರೆ ಮಾತು ಮಾತ್ರ ಹೊರಗಿನವರ ಹತ್ತಿರ ಆಡಿದ ಹಾಗೇ ಇತ್ತು. ಆ ಮನೆಯ ಯಜಮಾನರು "ಆ ಹೆಸರಿನವರು ಯಾರೂ ಇರಲಿಲ್ಲ ನೋಡ್ರಿ" ಅಂದುಬಿಟ್ಟರು. ಒಳಗಿನಿಂದ ಅವರ ತಾಯಿ ಬಂದರು, ತೊಂಬತ್ತರ ಹತ್ತಿರ ಇರಬೇಕು. ಅಮ್ಮನ ಮುಖ ನೋಡಿ "ಯಾರ ಮಗಳವ್ವಾ ನೀನು?" ಅಂದರು. ಅಮ್ಮ ಅಜ್ಜನ ಹೆಸರು ಹೇಳಿದರು. ಆ ಅಜ್ಜಿ ಮಗನ ಕಡೆ ತಿರುಗಿ "ಇದ್ದನಲ್ಲೋ, ನಿಮ್ಮ ಅಪ್ಪನ ಚಿಗಪ್ಪನ ಮಗ. ಅವ್ವನ ಜೊತೆ ಹೊಳೆ ದಾಟಿ ಹೋದವ" ಅಂದರು. ಅಮ್ಮನ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂರಿಸಿಕೊಂಡರು. ಅವರು ಆ ಮನೆಗೆ ಸೊಸೆಯಾಗಿ ಬಂದಾಗ ಅಜ್ಜ ಊರು ಬಿಟ್ಟು ಎಷ್ಟೋ ವರ್ಷ ಆಗಿತ್ತು, ಇದೆಲ್ಲ ಅವರು ತಮ್ಮ ಅತ್ತೆಯ ಬಾಯಲ್ಲಿ ಕೇಳಿದ್ದು. ಆದರೂ ಹೆಸರು, ಸಂಬಂಧ ಎಲ್ಲ ನೆನಪಿತ್ತು.

ನಾವು ಬಂದದ್ದು ಪಾಲಿಗಲ್ಲ ಅಂತ ಆಗ ಬಿಡಿಸಿ ಹೇಳಿದೆ. ಬೇಕಾದರೆ ಬರೆದುಕೊಡುತ್ತೇವೆ ಅಂತ ಅಮ್ಮನೂ ಹೇಳಿದರು. ಯಜಮಾನರು ಬೇಡ ಬೇಡ ಅಂದರು, ಸ್ವಲ್ಪ ಹೊತ್ತಾದ ಮೇಲೆ ತಾವೇ ಎದ್ದು ಹೊಲ ತೋರಿಸಲು ಕರೆದುಕೊಂಡು ಹೋದರು. ಅಜ್ಜನ ಅಪ್ಪನ ಹೊಲ ಈಗ ಬೇರೆಯವರದ್ದು. ಆದರೆ ಊರಿನವರು ಅದನ್ನು ಇನ್ನೂ ನಮ್ಮ ಮನೆತನದ ಹೆಸರು ಹಿಡಿದೇ ಕರೆಯುತ್ತಾರೆ. ಹೊಲದ ಹೆಸರು ಸಿಕ್ಕರೆ ಸರ್ವೆ ನಂಬರ್ ಸಿಗುತ್ತದೆ, ಸರ್ವೆ ನಂಬರ್ ಸಿಕ್ಕರೆ ಮುಂದಿನದು ಬರೀ ತಾಳ್ಮೆಯ ಕೆಲಸ.

ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹಳ ಜನರ ಹುಡುಕಾಟ ಇಲ್ಲೇ ನಿಂತುಬಿಡುತ್ತದೆ. ಈಗಿನ ಪಹಣಿ ಭೂಮಿ ಜಾಲತಾಣದಲ್ಲಿ ಸಿಗುತ್ತದೆ. ಅದರ 9ನೇ ಕಾಲಂನಲ್ಲಿ ಈಗಿನವರ ಹೆಸರು ಇರುತ್ತದೆ, 10ನೇ ಕಾಲಂನಲ್ಲಿ ಜಮೀನು ಅವರಿಗೆ ಹೇಗೆ ಬಂತು ಅಂತ ಇರುತ್ತದೆ, ಅದರ ಜೊತೆ ಎಂ.ಆರ್. ನಂಬರ್, ಅಂದರೆ ಮ್ಯುಟೇಶನ್ (ಖಾತೆ ಬದಲಾವಣೆ) ರಿಜಿಸ್ಟರಿನ ನಂಬರ್. ಆ ಮ್ಯುಟೇಶನ್ ತೆಗೆದರೆ ಯಾರಿಂದ ಬಂತು ಅಂತ ಗೊತ್ತಾಗುತ್ತದೆ. ಅಲ್ಲಿಂದ ಅದರ ಹಿಂದಿನ ಮ್ಯುಟೇಶನ್. ಹೀಗೆ ಹಿಂದೆ ಹಿಂದೆ ಹೋಗಬೇಕು. ಭೂಮಿ ಯೋಜನೆ ಬಂದದ್ದು 2000ದ ಸುಮಾರಿಗೆ, ಅದಕ್ಕಿಂತ ಹಿಂದಿನದೆಲ್ಲ ಕೈಬರಹ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟು ನಕಲು ಪಡೆಯಬೇಕು. ಈಚೆಗೆ ಭೂ ಸುರಕ್ಷಾ ಅಂತ ಆ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ, ಬಹಳ ಒಳ್ಳೆಯ ಕೆಲಸ ಅದು. ಅರ್ಜಿಯಲ್ಲಿ "ನಮ್ಮ ಅಜ್ಜನ ದಾಖಲೆ ಕೊಡಿ" ಅಂತ ಬರೆದರೆ ಪ್ರಯೋಜನ ಇಲ್ಲ. ಗ್ರಾಮ, ಸರ್ವೆ ನಂಬರ್, ವರ್ಷ, ಯಾವ ರಿಜಿಸ್ಟರ್, ಇಷ್ಟನ್ನು ಬರೆದರೆ ಹುಡುಕುವವರಿಗೂ ಸುಲಭ. ನಕಲು ಸಿಗದೆ ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೆ ಹತ್ತು ರೂಪಾಯಿ ಶುಲ್ಕ, ಅರ್ಜಿ 150 ಪದದೊಳಗೆ, ಒಂದು ಅರ್ಜಿಯಲ್ಲಿ ಒಂದೇ ವಿಷಯ. ಇನ್ನು ನಾಯಿಂದರೂ ಕುಂಬಾರರೂ ತಳವಾರರೂ ಸೇರಿ ಊರ ಚಾಕರಿಗೆ ಇನಾಮ್ ಪಡೆದ ಮನೆತನದವರಾದರೆ ಇನಾಮ್ ಕಡತಗಳನ್ನು ನೋಡಬೇಕು. ಗೇಣಿದಾರರಾಗಿದ್ದರೆ 1974ರ ಭೂ ಸುಧಾರಣೆಯ ನಂತರ ಭೂ ನ್ಯಾಯ ಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿಗಳನ್ನು ನೋಡಬೇಕು. ಅವುಗಳಲ್ಲಿ ಯಾರು ಎಷ್ಟು ವರ್ಷದಿಂದ ಉಳುತ್ತಿದ್ದರು ಅನ್ನುವ ಹೇಳಿಕೆಗಳಿರುತ್ತವೆ, ಪಹಣಿಯಲ್ಲಿ ಹೆಸರೇ ಇಲ್ಲದ ಮನೆಗಳಿಗೆ ಅದು ದೊಡ್ಡ ಆಧಾರ.

ಹರಪನಹಳ್ಳಿಯದ್ದೇ ಒಂದು ತೊಡಕಿದೆ. 1953ರ ಅಕ್ಟೋಬರ್ 1ಕ್ಕೆ ಅದು ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಆಮೇಲೆ ಮತ್ತೆ ಬಳ್ಳಾರಿಗೆ ಬಂತು. 2021ರಿಂದ ವಿಜಯನಗರ ಜಿಲ್ಲೆ. ಊರು ಇದ್ದಲ್ಲೇ ಇದೆ, ಕಡತಗಳು ಮಾತ್ರ ಜಿಲ್ಲೆಯಿಂದ ಜಿಲ್ಲೆಗೆ ಓಡಾಡಿವೆ. ನಾನು ಹೋದ ಒಂದು ಕಚೇರಿಯಲ್ಲಿ ನನಗೆ ಬೇಕಾದ ಬಂಡಲ್ ಗೆದ್ದಲು ತಿಂದು ಹೋಗಿತ್ತು. ಇನ್ನೊಂದರಲ್ಲಿ ಒಬ್ಬ ಸಿಬ್ಬಂದಿ ತಮ್ಮ ಊಟದ ಹೊತ್ತಿನಲ್ಲಿ ಕೂತು ಕರಣಂ ಕೈಬರಹ ಓದಿ ಹೇಳಿದರು, ಕೆಲವು ಪುಟ ತೆಲುಗಿನಲ್ಲಿದ್ದವು, ಅವರಿಗೆ ಅದೂ ಬರುತ್ತಿತ್ತು. ಅವರಿಗೆ ನನ್ನ ನಮಸ್ಕಾರ.

ಫಸಲಿ 1345ರ ಪಟ್ಟಾ ಬದಲಾವಣೆಯ ಲೆಕ್ಕದಲ್ಲಿ ಅಜ್ಜ ಸಿಕ್ಕರು. ಅಂದರೆ 1935-36. ಪಟ್ಟಾದಾರ ತೀರಿಕೊಂಡಿದ್ದರಿಂದ ಮೈನರ್ ಮಗನ ಹೆಸರಿಗೆ, ಗಾರ್ಡಿಯನ್ ತಾಯಿ, ಅಂತ ಬರೆದು ಪಕ್ಕದಲ್ಲಿ ತಾಯಿಯ ಹೆಸರು ಬರೆದಿದ್ದರು. ನನ್ನ ಮುತ್ತಜ್ಜಿಯ ಹೆಸರನ್ನು ನಾನು ಮೊದಲ ಸಲ ಓದಿದ್ದು ಅಲ್ಲಿ. ಮನೆಯಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಆ ಪುಟದ ಮುಂದೆ ಕೂತು ನನಗೆ ಅಳು ಬಂತು.

ಹೆಣ್ಣುಮಕ್ಕಳ ಹೆಸರು ಯಾಕೆ ಇಷ್ಟು ಕಷ್ಟ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ಹಳೆಯ ಪತ್ರಗಳಲ್ಲಿ ಗಂಡಸಿಗೆ ಬಿನ್ ಅಂತ ಹಾಕಿ ಅಪ್ಪನ ಹೆಸರು, ಹೆಂಗಸಿಗೆ ಕೋಂ ಅಂತ ಹಾಕಿ ಗಂಡನ ಹೆಸರು. ಹೆಂಗಸಿನ ಹೆಸರು ಬರುವುದೇ ಅವಳು ವಿಧವೆಯಾದಾಗ, ಇಲ್ಲ ಏನಾದರೂ ಮಾರುವಾಗ. ಸ್ವತಂತ್ರ ಭಾರತದ ಮೊದಲ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿದ್ದರಿಂದ ಅವರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಇದು ಹಳೆಯ ಕಾಲದ ಮಾತು ಅಂದುಕೊಳ್ಳಬೇಡಿ. ಅದೇ ತಾಲ್ಲೂಕಿನಲ್ಲಿ ಪೌತಿ ಖಾತೆಗಾಗಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಯಾವಾಗಲೋ ಸಲ್ಲಿಸಿದ ನಮ್ಮ ಮನೆತನದ ವಂಶವೃಕ್ಷವನ್ನೂ ನೋಡಿದೆ. ಅದರಲ್ಲಿ ಅಜ್ಜನ ಹೆಸರಿದೆ. ಅದರ ಕೆಳಗೆ ಖಾಲಿ. ಅಜ್ಜನಿಗೆ ಮೂರು ಜನ ಹೆಣ್ಣುಮಕ್ಕಳು, ಮೂವರೂ ಬದುಕಿದ್ದಾರೆ. ಬರೆದವರು ಮೋಸ ಮಾಡಬೇಕು ಅಂತ ಮಾಡಿರಲಿಕ್ಕಿಲ್ಲ, ಆಗಿನ ರೂಢಿಯೇ ಹಾಗಿತ್ತು. ಆದರೆ ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನು ಬಂತು, ದೇಶಕ್ಕೆಲ್ಲ 2005ರಲ್ಲಿ ಬಂತು. ಪಾಲು ಬೇಡ ಅನ್ನುವುದು ಅವರವರ ಇಷ್ಟ. ಹೆಸರಾದರೂ ಇರಬೇಕಲ್ವಾ? ಹುಡುಕುವವರು ಇದನ್ನು ನೆನಪಿಡಿ: ವಂಶವೃಕ್ಷದಲ್ಲಿ ಯಾರದ್ದಾದರೂ ಕೆಳಗೆ ಖಾಲಿ ಇದ್ದರೆ ಅವರಿಗೆ ಮಕ್ಕಳಿರಲಿಲ್ಲ ಅಂತ ಅರ್ಥವಲ್ಲ.

ಮುತ್ತಜ್ಜಿ ಮುಂದೆ ಆ ಹೊಲ ಮಾರಿದರು. ಅದರ ಕ್ರಯಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಕ್ಕಿತು, 1938ರದ್ದು. ಕೆಳಗೆ ಹೆಬ್ಬೆಟ್ಟಿನ ಗುರುತು. ಮೇಲೆ ಅವರ ವಾಸದ ಜಾಗ ಬರೆದಿದ್ದರು, ಅದು ಹರಪನಹಳ್ಳಿ ತಾಲ್ಲೂಕಲ್ಲ, ಹಾಲಿ ವಾಸ ಧಾರವಾಡ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ಓದಿದ ಕೂಡಲೇ ಎಲ್ಲ ಹೊಂದಿಕೊಂಡಿತು. ಗಂಡ ಸತ್ತ ಮೇಲೆ ಆಕೆ ಚಿಕ್ಕ ಮಗನನ್ನು ಕರೆದುಕೊಂಡು ತವರಿಗೆ ಹೋದರು. ಆ ಹಳ್ಳಿಯ ಸರ್ಕಾರಿ ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರಿನಲ್ಲಿ ಅಜ್ಜ ಇದ್ದಾರೆ, ಅದೇ 1938ರಲ್ಲಿ ಸೇರಿದ್ದಾರೆ, ಪೋಷಕರ ಜಾಗದಲ್ಲಿ ಇರುವುದು ಸೋದರಮಾವನ ಹೆಸರು. ಮನೆಯವರೆಲ್ಲ ಹೇಳುತ್ತಿದ್ದ ರಾಣೆಬೆನ್ನೂರು ಕಡೆ ಅನ್ನುವ ಮಾತು ಸುಳ್ಳಲ್ಲ. ಅಜ್ಜ ಬೆಳೆದ ಊರು ಅದೇ, ಅವರಿಗೆ ನೆನಪಿದ್ದದ್ದೂ ಅದೇ. ಮಿಲ್ಲಿನ ಗುಮಾಸ್ತರು ಕಾಯಂ ವಿಳಾಸ ಕೇಳಿದಾಗ ಮಾತ್ರ ಅಪ್ಪನ ಊರು ಹೇಳಿದ್ದಾರೆ. ಕಾಗದಗಳು ಅಪ್ಪನ ಊರನ್ನು ಇಟ್ಟುಕೊಂಡವು, ಮನೆಯ ಮಾತು ಅವ್ವನ ಊರನ್ನು ಇಟ್ಟುಕೊಂಡಿತು. ಎರಡೂ ನಿಜ. ಮನೆಯಲ್ಲಿ ಕೇಳಿದ್ದಕ್ಕೂ ಕಾಗದಕ್ಕೂ ತಾಳೆ ಆಗಲಿಲ್ಲ ಅಂದಾಗ ಒಂದನ್ನು ಸುಳ್ಳು ಅಂತ ಬಿಸಾಡುವವರನ್ನು ನಾನು ತುಂಬಾ ನೋಡಿದ್ದೇನೆ. ಹಾಗೆ ಮಾಡಬೇಡಿ. ತಾಳೆ ಆಗದ ಜಾಗದಲ್ಲೇ ಬಹಳ ಸಲ ಒಬ್ಬ ಹೆಂಗಸಿನ ಕಥೆ ಇರುತ್ತದೆ.

ವಯಸ್ಸಿನ ವಿಷಯವೂ ಹೀಗೇ. ಶಾಲೆಯಲ್ಲಿ ಅಜ್ಜನ ಹುಟ್ಟಿದ ದಿನ 1930ರ ಜೂನ್ 1. ನಮ್ಮಲ್ಲಿ ಅರ್ಧ ಜನ ಹುಟ್ಟಿರುವುದು ಜೂನ್ ಒಂದಕ್ಕೇ, ಶಾಲೆಗೆ ಸೇರಿಸುವಾಗ ಮಾಸ್ತರರು ಲೆಕ್ಕಕ್ಕೆ ಸರಿಹೋಗುವ ಹಾಗೆ ಬರೆದುಕೊಳ್ಳುತ್ತಿದ್ದರು. ಮಿಲ್ಲಿನ ಕಾಗದದ ಪ್ರಕಾರ ಅವರು 1927ರಲ್ಲಿ ಹುಟ್ಟಿದ್ದು. ಮಿಲ್ಲಿನಲ್ಲಿ ಪೂರ್ತಿ ಕೆಲಸ ಸಿಗಬೇಕಾದರೆ ವಯಸ್ಸು ಜಾಸ್ತಿ ಹೇಳಬೇಕಿತ್ತು. ಅಜ್ಜಿ ಮಾತ್ರ ಅಜ್ಜ ಹುಟ್ಟಿದ್ದು ಪ್ರಜೋತ್ಪತ್ತಿ ಸಂವತ್ಸರ ಅನ್ನುತ್ತಿದ್ದರಂತೆ, ಅಂದರೆ 1931ರ ಯುಗಾದಿಯಿಂದ 1932ರ ಯುಗಾದಿಯವರೆಗೆ. ನಾನು ನಂಬುವುದು ಅಜ್ಜಿಯ ಮಾತನ್ನೇ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ, ಆದ್ದರಿಂದ ಒಂದೆರಡು ವರ್ಷದ ತಪ್ಪು ಅದರಲ್ಲಿ ನುಸುಳುವುದಿಲ್ಲ, ಅದನ್ನು ಹೇಳಿ ಯಾರಿಗೂ ಲಾಭವೂ ಇರಲಿಲ್ಲ. 1931ರ ಗಣತಿ ನಡೆದದ್ದು ಫೆಬ್ರವರಿ 26ಕ್ಕೆ, ಹಾಗಾದರೆ ಅಜ್ಜ ಆಗ ಇನ್ನೂ ಹುಟ್ಟಿರಲೇ ಇಲ್ಲ.

ಯಾವ ದಾಖಲೆಯನ್ನೂ ಪೂರ್ತಿ ನಂಬಬೇಡಿ, ಯಾವುದನ್ನೂ ಪೂರ್ತಿ ಬಿಡಬೇಡಿ. ಅದನ್ನು ಯಾರು ಯಾತಕ್ಕೆ ಬರೆದರು ಅಂತ ಕೇಳಿಕೊಳ್ಳಿ. ಶಾಲೆಯ ರಿಜಿಸ್ಟರಿನ ಹುಟ್ಟಿದ ದಿನ ನಂಬಲು ಆಗುವುದಿಲ್ಲ, ಆದರೆ ಪೋಷಕರು ಯಾರು ಅನ್ನುವುದು ನಿಜ, ಮಾಸ್ತರರ ಎದುರು ನಿಂತವರ ಹೆಸರು ಅದು. ಕಂದಾಯದ ಲೆಕ್ಕದಲ್ಲಿ ಎಕರೆ ಗುಂಟೆ ನಿಜ, ಗಂಡುಮಕ್ಕಳ ಹೆಸರೂ ನಿಜ, ಹೆಣ್ಣುಮಕ್ಕಳ ವಿಷಯಕ್ಕೆ ಅದು ಸಾಕ್ಷಿಯೇ ಅಲ್ಲ. ಆ ಹಳ್ಳಿಯ ಹಳೆಯ ಜನನ ಮರಣದ ಪುಸ್ತಕದ ಕೆಲವು ಹಾಳೆಗಳನ್ನೂ ನೋಡಿದೆ. 1918ರ ಕೊನೆಯ ತಿಂಗಳುಗಳಲ್ಲಿ ಪುಟದ ಮೇಲೆ ಪುಟ ಸಾವು, ಕಾರಣ ಅನ್ನುವ ಕಾಲಂನಲ್ಲಿ ಎಲ್ಲದಕ್ಕೂ ಜ್ವರ ಅಂತ ಒಂದೇ ಪದ. ಅದು ಇನ್‌ಫ್ಲುಯೆಂಜಾ ಬಂದ ವರ್ಷ. ಬರೆದವರು ಡಾಕ್ಟರಲ್ಲ, ಊರಿನವರು, ಅವರಿಗೆ ಗೊತ್ತಿದ್ದದ್ದು ಜ್ವರ ಅಷ್ಟೇ. ಸತ್ತವರ ಲೆಕ್ಕಕ್ಕೆ ಆ ಪುಸ್ತಕ ಸರಿ, ಕಾಯಿಲೆ ಯಾವುದು ಅಂತ ತಿಳಿಯುವುದಕ್ಕೆ ಸಾಲದು.

ಇನ್ನು ಹೆಳವರು. ಉತ್ತರ ಮತ್ತು ಮಧ್ಯ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಸುಗ್ಗಿಯಾದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಾರೆ, ಮನೆ ಮುಂದೆ ನಿಂತು ಆ ಮನೆತನದ ಮೂಲದಿಂದ ಶುರು ಮಾಡಿ ಹೆಸರು ಹೇಳುತ್ತಾ ಬರುತ್ತಾರೆ, ಕಾಳು, ಬಟ್ಟೆ, ದುಡ್ಡು ಪಡೆದು ಹೋಗುತ್ತಾರೆ. ಒಬ್ಬೊಬ್ಬ ಹೆಳವರಿಗೂ ಇಂಥಿಂಥ ಮನೆತನಗಳು ಅಂತ ಹಂಚಿಕೆ ಇರುತ್ತದೆ. ಈಗ ಎತ್ತಿನ ಬದಲು ಬೈಕಿನಲ್ಲಿ ಬರುವವರೂ ಇದ್ದಾರೆ. ನಮ್ಮ ದಾಯಾದಿಗಳ ಮನೆಗೆ ಈಗಲೂ ಬರುತ್ತಾರೆ ಅಂತ ಗೊತ್ತಾಗಿ, ಅವರು ಬಂದಾಗ ಫೋನ್ ಮಾಡಿ ಅಂತ ಕೇಳಿಕೊಂಡಿದ್ದೆ, ಮಾಡಿದರು. ಹೋಗಿ ಕೇಳಿದೆ. ಹೆಳವರು ಏಳೆಂಟು ತಲೆಮಾರು ಒಂದೇ ಉಸಿರಿನಲ್ಲಿ ಹೇಳಿದರು, ನಮ್ಮ ಬೆಡಗು (ಕುಲದ ಹೆಸರು), ಮನೆದೇವರು, ಯಾರು ಯಾವ ಊರಿಗೆ ಹೋದರು ಎಲ್ಲ ಹೇಳಿದರು. ಅವರು ಹೇಳಿದ ಪ್ರಕಾರ ನಮ್ಮವರು ಆ ಹಳ್ಳಿಗೂ ಮೊದಲಿನವರಲ್ಲ. ಧಾತು ಈಶ್ವರ ಬರದಲ್ಲಿ ಇನ್ನೂ ದಕ್ಷಿಣದಿಂದ, ಮೈಸೂರು ಸೀಮೆಯಿಂದ ಬಂದವರು. ಅದು 1876ರಿಂದ 1878ರವರೆಗಿನ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿಯಿತು. ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆ. ಬಳ್ಳಾರಿ ಸೀಮೆಯಲ್ಲೂ ಅದೇ ಬರ ಇತ್ತು, ಇನ್ನೂ ಭೀಕರವಾಗೇ ಇತ್ತು, ಹಾಗಿರುವಾಗ ಇವರು ಯಾಕೆ ಅಲ್ಲಿಗೆ ಹೋದರು ಅಂತ ಹೆಳವರನ್ನೇ ಕೇಳಿದೆ. "ಹೆಣ್ಣು ಕೊಟ್ಟ ಊರವ್ವ, ನೆಂಟರಿದ್ದರು" ಅಂದರು. ಮತ್ತೆ ಒಬ್ಬ ಹೆಣ್ಣುಮಗಳ ದಾರಿ ಹಿಡಿದೇ ಹೋಗಿದ್ದಾರೆ.

ಅವರ ಹತ್ತಿರ ಒಂದು ದಪ್ಪ ಪುಸ್ತಕ ಇತ್ತು. ಅದರಲ್ಲಿ ಅಜ್ಜನ ಹೆಸರು, ಪಕ್ಕದಲ್ಲಿ ದಾವಣಗೆರೆ ಅಂತ ಬರೆದಿತ್ತು, ಆ ಸಾಲು ಅಲ್ಲಿಗೇ ನಿಂತಿತ್ತು. ಗಂಡು ಸಂತಾನ ಇಲ್ಲದಿದ್ದರೆ ಮುಂದೆ ಬರೆಯುವುದಿಲ್ಲ ಅಂದರು. ಮೂರು ಹೆಣ್ಣುಮಕ್ಕಳ ಹೆಸರು ಬರೆಯಿರಿ ಅಂತ ಕೇಳಿದೆ. ಸ್ವಲ್ಪ ಯೋಚಿಸಿದರು, ದಾಯಾದಿ ಮನೆಯ ಯಜಮಾನರ ಮುಖ ನೋಡಿದರು. ಅವರು "ಬರೀರಿ, ನಮ್ಮ ಮನೆ ಹೆಣ್ಣುಮಕ್ಕಳೇ" ಅಂದರು. ಬರೆದರು. ಮುತ್ತಜ್ಜಿಯ ಹೆಸರನ್ನೂ ಬರೆಸಿದೆ.

ಈಗ ಉಳಿದಿರುವುದು ಆ ಮುತ್ತಜ್ಜಿಯ ತವರು. ರಾಣೆಬೆನ್ನೂರು ತಾಲ್ಲೂಕಿನ ಆ ಹಳ್ಳಿಯ ಹಳೆಯ ಉತಾರಗಳನ್ನು ತೆಗೆಸಬೇಕು, ಶಾಲೆಯ ರಿಜಿಸ್ಟರಿನಲ್ಲಿದ್ದ ಸೋದರಮಾವನ ಹೆಸರು ಹಿಡಿದು ಹಿಂದೆ ಹೋಗಬೇಕು. ಆ ಕಡೆಯ ಹಳೆಯ ಕಾಗದಗಳಲ್ಲಿ ಕೆಲವು ಮೋಡಿ ಲಿಪಿಯಲ್ಲಿರುತ್ತವೆ, ಅದು ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ, ಓದಿಕೊಡುವವರನ್ನು ಧಾರವಾಡದಲ್ಲಿ ವಿಚಾರಿಸುತ್ತಿದ್ದೇನೆ. ಅಜ್ಜನ ಹಳ್ಳಿಯ ಆ ತೊಂಬತ್ತರ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ, ಇನ್ನೂ ಕೇಳುವುದಿದೆ, ಸುಗ್ಗಿಗೆ ಮುಂಚೆಯೇ ಮತ್ತೆ ಹೋಗುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಅಂಥ ಹಿರಿಯರು ಯಾರಾದರೂ ಇದ್ದರೆ ಕಚೇರಿಗೆ ಆಮೇಲೆ ಹೋಗಿ, ಮೊದಲು ಅವರ ಹತ್ತಿರ ಕೂರಿ. ಅವರ ಅಮ್ಮನ ಹೆಸರೇನು, ಅವರ ಅಜ್ಜಿಯ ತವರು ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ.